ಬಂಡೆ ಸಿಡಿದಾಗ ನೆಲ ಮೊದಲು ಅದುರುತ್ತೆ, ಸದ್ದು ಆಮೇಲೆ ಬರುತ್ತೆ: ಯಾಕೆ?

ಚಿನಕುರಳಿ ರೈತ

ಎಲ್ಲರಿಗೂ ನಮಸ್ಕಾರ. ವಿಜ್ಞಾನ ತಿಳಿದವರು ಉತ್ತರ ಕೊಡಬೇಕು.

ನಮ್ಮ ಮನೆಯಿಂದ ಸುಮಾರು ನಾಲ್ಕು ಕಿಲೋಮೀಟರ್ ದೂರದಲ್ಲಿ ಒಂದು ಕಲ್ಲು ಕ್ವಾರಿ ನಡೀತಿತ್ತು. ಅಲ್ಲಿ ಬಂಡೆ ಸಿಡಿಸುವಾಗ ಮೊದಲು ಕಾಲಡಿ ನೆಲ ಧಿಮ್ ಅನ್ನೋದು. ಅಡುಗೆಮನೆ ಸ್ಟ್ಯಾಂಡಿನಲ್ಲಿ ಮಗುಚಿಟ್ಟ ಸ್ಟೀಲ್ ಲೋಟಗಳು ಕಿಣಿಕಿಣಿ ಅಂತಿದ್ದವು. ನಿಧಾನವಾಗಿ ಒಂದರಿಂದ ಹತ್ತು ಎಣಿಸಿದ ಮೇಲೆ ಢಂ ಅಂತ ಸದ್ದು ಬರೋದು. ಸಿಡಿದದ್ದು ಒಂದೇ ಸಲ, ನಮಗೆ ಮುಟ್ಟಿದ್ದು ಎರಡು ಸಲ.

ಮಗಳು ಒಂಬತ್ತನೇ ಕ್ಲಾಸಿನಲ್ಲಿದ್ದಾಳೆ. "ಘನದಲ್ಲಿ ಕಣಗಳು ಒತ್ತೊತ್ತಾಗಿ ಇರ್ತವೆ, ಸಾಂದ್ರತೆ ಜಾಸ್ತಿ, ಅದಕ್ಕೆ ಶಬ್ದ ಬೇಗ ಹೋಗುತ್ತೆ" ಅಂತ ಕ್ಲಾಸಿನಲ್ಲಿ ಬರೆಸಿದ್ದಾರಂತೆ. ಸರಿ ಅಂದುಕೊಂಡೆ. ಆದರೆ ಅವಳು ಪುಸ್ತಕದ ಪಟ್ಟಿ ತೆಗೆದು ತೋರಿಸಿದಳು. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ 346 ಮೀಟರ್, ಹೈಡ್ರೋಜನ್‌ನಲ್ಲಿ 1,284. "ಅಪ್ಪಾ, ಹೈಡ್ರೋಜನ್ ಗಾಳಿಗಿಂತ ಹಗುರ ತಾನೇ? ಸಾಂದ್ರತೆ ಕಡಿಮೆ ಇರೋದ್ರಲ್ಲಿ ಯಾಕೆ ಬೇಗ ಹೋಗುತ್ತೆ?" ಅಂತಾಳೆ. ನನ್ನ ಹತ್ತಿರ ಉತ್ತರ ಇಲ್ಲ.

ಮೇಲುಕೋಟೆ ವಿಜ್ಞಾನ ಮೇಷ್ಟ್ರು

ಮಗುವಿಗೆ ನನ್ನ ಕಡೆಯಿಂದ ಶಾಭಾಷ್ ಹೇಳಿ. ಪಟ್ಟಿಯನ್ನು ಬಾಯಿಪಾಠ ಮಾಡೋ ಮಕ್ಕಳು ಬೇಕಾದಷ್ಟು ಸಿಗ್ತಾರೆ. ಅದರಲ್ಲಿ ಎರಡು ಸಾಲು ಒಂದಕ್ಕೊಂದು ತಾಳೆಯಾಗ್ತಿಲ್ಲ ಅಂತ ಹಿಡಿಯೋ ಮಕ್ಕಳು ಅಪರೂಪ.

ನೇರವಾಗಿ ಹೇಳ್ತೀನಿ: ಸಾಂದ್ರತೆ ಶಬ್ದವನ್ನು ಬೇಗ ಒಯ್ಯೋದಿಲ್ಲ, ತಡೆದು ನಿಧಾನ ಮಾಡುತ್ತೆ. ಕಣ ಭಾರವಾದಷ್ಟೂ ಅದನ್ನು ಅಲುಗಿಸೋದು ಕಷ್ಟ. ಬೇಗ ಒಯ್ಯೋದು ಆ ವಸ್ತುವಿನ ಬಿಗಿ, ಅಂದರೆ ಒತ್ತಿದರೆ ಎಷ್ಟು ಜೋರಾಗಿ ವಾಪಸ್ ತಳ್ಳುತ್ತೆ ಅನ್ನೋದು. ಪುಸ್ತಕದಲ್ಲಿ ಸ್ಥಿತಿಸ್ಥಾಪಕತೆ ಅಂತ ಇರೋದು ಇದೇ. ಎರಡು ಕಂಬಕ್ಕೆ ಬಟ್ಟೆ ಒಣಗಿಸೋ ಹಗ್ಗ ಕಟ್ಟಿ. ಸಡಿಲವಾಗಿದ್ದಾಗ ಒಂದು ತುದಿಗೆ ಕೋಲಿನಿಂದ ಹೊಡೆದರೆ ಆ ಅಲೆ ತೂರಾಡಿಕೊಂಡು ಹೋಗೋದು ಕಣ್ಣಿಗೇ ಕಾಣುತ್ತೆ. ಎಳೆದು ಬಿಗಿದು ಹೊಡೆದರೆ ಆಚೆ ತುದಿಗೆ ಯಾವಾಗ ಮುಟ್ಟಿತು ಅಂತಲೇ ಗೊತ್ತಾಗಲ್ಲ. ಹಗ್ಗದ ತೂಕ ಎರಡು ಸಲವೂ ಅಷ್ಟೇ.

ಸೂತ್ರ ಇಷ್ಟೇ: ಬಿಗಿಯನ್ನು ಸಾಂದ್ರತೆಯಿಂದ ಭಾಗಿಸಿ, ವರ್ಗಮೂಲ ತೆಗೆದರೆ ವೇಗ. ಮಗಳ ಕೈಲೇ ಲೆಕ್ಕ ಮಾಡಿಸಿ. ನೀರು ಗಾಳಿಗಿಂತ ಸುಮಾರು 830 ಪಟ್ಟು ಸಾಂದ್ರ. ಸಾಂದ್ರತೆ ಒಂದೇ ಲೆಕ್ಕಕ್ಕೆ ಬರೋದಾದರೆ ನೀರಿನಲ್ಲಿ ಶಬ್ದ ತೆವಳಬೇಕಿತ್ತು. ಆದರೆ ನೀರನ್ನು ಒತ್ತಿ ಕುಗ್ಗಿಸೋದು ಗಾಳಿಯನ್ನು ಕುಗ್ಗಿಸೋದಕ್ಕಿಂತ ಸುಮಾರು 15,500 ಪಟ್ಟು ಕಷ್ಟ. 15,500 ಭಾಗಿಸು 830 ಅಂದರೆ ಸುಮಾರು 18.7. ಅದರ ವರ್ಗಮೂಲ 4.3. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ 343 ಮೀಟರ್. ಅದನ್ನು 4.3ರಿಂದ ಗುಣಿಸಿದರೆ ನೀರಿನಲ್ಲಿ ಶಬ್ದದ ವೇಗ, ಸೆಕೆಂಡಿಗೆ 1,480ರ ಹತ್ತಿರ, ಬಂದೇ ಬಿಡುತ್ತೆ.

ಈಗ ಹೈಡ್ರೋಜನ್. ಒಂದೇ ಒತ್ತಡದಲ್ಲಿರೋ ಗಾಳಿಗೂ ಹೈಡ್ರೋಜನ್‌ಗೂ ಬಿಗಿಯಲ್ಲಿ ಹೆಚ್ಚು ವ್ಯತ್ಯಾಸ ಇಲ್ಲ. ಸಾಂದ್ರತೆ ಮಾತ್ರ ಗಾಳಿಯದರ ಹದಿನಾಲ್ಕನೇ ಒಂದು ಭಾಗ. ಹದಿನಾಲ್ಕರ ವರ್ಗಮೂಲ 3.7. 346ನ್ನು ಅದರಿಂದ ಗುಣಿಸಿದರೆ 1,280. ಅವಳ ಪಟ್ಟಿಯಲ್ಲಿರೋ ಸಂಖ್ಯೆಗೆ ಎಷ್ಟು ಹತ್ತಿರ ಬಂತು ನೋಡಿ.

ಘನದಲ್ಲಿ ಬೇಗ ಹೋಗೋದು ಯಾಕೆ ಅಂದರೆ ಕಣಗಳು ಬರೀ ಹತ್ತಿರ ಇರೋದರಿಂದಲ್ಲ, ಒಂದನ್ನೊಂದು ಗಟ್ಟಿಯಾಗಿ ಹಿಡಿದುಕೊಂಡಿರೋದರಿಂದ. ಸಾಂದ್ರತೆ ಹೆಚ್ಚಾದದ್ದಕ್ಕಿಂತ ಬಿಗಿ ಎಷ್ಟೋ ಪಟ್ಟು ಹೆಚ್ಚಾಗಿರುತ್ತೆ, ಅದಕ್ಕೇ ಗೆಲ್ಲುತ್ತೆ.

ಮದ್ದೂರು ಹೈದ

ಮೇಷ್ಟ್ರೇ, ಒಂದ್ ಅನುಮಾನ. ಹಂಗಾದ್ರೆ ಸೀಸ? ಅದು ಘನನೇ, ಕಬ್ಬಿಣಕ್ಕಿಂತ ಭಾರ ಅದೆ. ಅದ್ರಲ್ಲಿ ಏನಾಯ್ತದೆ?

ಮೇಲುಕೋಟೆ ವಿಜ್ಞಾನ ಮೇಷ್ಟ್ರು

ಒಳ್ಳೇ ಪ್ರಶ್ನೆ ತಮ್ಮಾ. ಸೀಸದ ಸರಳಿನಲ್ಲಿ ಶಬ್ದದ ವೇಗ ಸೆಕೆಂಡಿಗೆ 1,200 ಮೀಟರ್ ಆಸುಪಾಸು, ನೀರಿಗಿಂತಲೂ ಕಡಿಮೆ. ಅದರ ನಾಲ್ಕನೇ ಒಂದು ಭಾಗದಷ್ಟು ಸಾಂದ್ರತೆಯೂ ಇಲ್ಲದ ಅಲ್ಯೂಮಿನಿಯಂ ಸರಳಿನಲ್ಲಿ 5,000. ಸೀಸ ಭಾರ, ಆದರೆ ಮೆತ್ತಗೆ. ಉಗುರಿನಲ್ಲಿ ಗೀರಬಹುದು. ಪಾದರಸ ನೀರಿಗಿಂತ 13.6 ಪಟ್ಟು ಸಾಂದ್ರ, ಆದರೂ ಅದರಲ್ಲಿ ವೇಗ 1,450. ಹೆಚ್ಚುಕಮ್ಮಿ ನೀರಿನಷ್ಟೇ. ಬಿಗಿಯೂ ಅಷ್ಟೇ ಪಟ್ಟು ಹೆಚ್ಚಿರೋದರಿಂದ ಒಂದಕ್ಕೊಂದು ಸರಿಹೋಗುತ್ತೆ. ಮೆತ್ತನೆಯ ರಬ್ಬರ್ ಪಟ್ಟಿಯ ಉದ್ದಕ್ಕೆ ಹೋಗೋ ಅಲೆ ಗಾಳಿಯಲ್ಲಿನ ಶಬ್ದಕ್ಕಿಂತಲೂ ನಿಧಾನ. ಹಾಗಾಗಿ "ಘನ ಅಂದ ಮೇಲೆ ಬೇಗ" ಅನ್ನೋದು ಸಾಮಾನ್ಯವಾಗಿ ನಿಜ, ಯಾವಾಗಲೂ ಅಲ್ಲ.

ಇನ್ನೊಂದು ವಿಷಯ. ಪುಸ್ತಕದ ಪಟ್ಟಿಯಲ್ಲಿ ಉಕ್ಕಿಗೆ 5,960 ಅಂತ ಇರುತ್ತೆ, ಬೇರೆ ಕಡೆ 5,100 ಅಂತ ಕಾಣುತ್ತೆ. ಎರಡೂ ಸರಿ. ದೊಡ್ಡ ಗಟ್ಟಿಯೊಳಗೆ ಹೋಗೋ ಅಲೆಗೆ ಪಕ್ಕಕ್ಕೆ ಉಬ್ಬೋಕೆ ಜಾಗ ಇಲ್ಲ, ವೇಗ ಹೆಚ್ಚು. ತೆಳು ಸರಳಿನಲ್ಲಿ ಪಕ್ಕಕ್ಕೆ ಉಬ್ಬಬಹುದು, ಸ್ವಲ್ಪ ಕಡಿಮೆ. ಮಕ್ಕಳು ಇದನ್ನು ನೋಡಿ ಗಾಬರಿಯಾಗ್ತಾರೆ, ಅದಕ್ಕೆ ಹೇಳಿದೆ.

ಗಣಿ ಮೇಟ್

ಕ್ವಾರಿ ಕೆಲಸದಲ್ಲಿ ಇದ್ದವನು ನಾನು. ಚಿನಕುರಳಿ ಅಣ್ಣ ಕೇಳಿದ ಮೊದಲನೇ ಪ್ರಶ್ನೆಗೆ ಉತ್ತರ ಹೇಳ್ತೀನಿ.

ನಮ್ಮ ಮಂಡ್ಯ ಸೀಮೆ ಪೂರ್ತಿ ಹಳೇ ಗಟ್ಟಿ ಬಂಡೆಯ ಮೇಲೆ ಕೂತಿದೆ. ಮೇಲೆ ಮಣ್ಣಿದ್ದರೂ ಕೆಳಗೆ ಹೋದರೆ ನೈಸ್ ಅನ್ನೋ ಗಟ್ಟಿ ಕಲ್ಲು, ಗ್ರಾನೈಟ್. ಅಂಥ ಬಂಡೆಯಲ್ಲಿ ಅಲೆ ಸೆಕೆಂಡಿಗೆ ಸುಮಾರು 5 ಕಿಲೋಮೀಟರ್ ಓಡುತ್ತೆ. ನಾಲ್ಕು ಕಿಲೋಮೀಟರ್ ದಾಟೋಕೆ ಒಂದು ಸೆಕೆಂಡೂ ಬೇಡ. ನೆಲವನ್ನು ಹೆಚ್ಚು ಅಲುಗಿಸೋದು ಅದರ ಹಿಂದೆ ಮೇಲ್ಮೈಯಲ್ಲಿ ಬರೋ ಅಲೆ. ಅದು ಇನ್ನೂ ನಿಧಾನ, ಆದರೂ ಒಂದೆರಡು ಸೆಕೆಂಡಿನಲ್ಲಿ ಮುಟ್ಟುತ್ತೆ. ಗಾಳಿಯಲ್ಲಿ ಬರೋ ಸದ್ದಿಗೆ ಅದೇ ನಾಲ್ಕು ಕಿಲೋಮೀಟರಿಗೆ ಹನ್ನೊಂದು ಹನ್ನೆರಡು ಸೆಕೆಂಡ್ ಬೇಕು. ಅಣ್ಣ ಹತ್ತು ಎಣಿಸಿದ್ದು ಲೆಕ್ಕಕ್ಕೆ ಸರಿಯಾಗಿ ಕೂರುತ್ತೆ. ನೆಲ ಅದುರಿದ್ದಕ್ಕೂ ಸದ್ದು ಬಂದದ್ದಕ್ಕೂ ನಡುವೆ ಒಂದೊಂದು ಸೆಕೆಂಡಿಗೆ ಸುಮಾರು 370 ಮೀಟರ್ ಅಂತ ಲೆಕ್ಕ ಹಾಕಿದರೆ ಎಷ್ಟು ದೂರದಲ್ಲಿ ಸಿಡಿಸಿದರು ಅಂತ ಅಂದಾಜು ಸಿಗುತ್ತೆ.

ಮನೆಗೆ ಏಟು ಬೀಳೋದು ಬೇರೆ, ಕಿವಿಗೆ ಬೀಳೋದು ಬೇರೆ ಅನ್ನೋದನ್ನ ಊರವರು ತಿಳ್ಕೊಬೇಕು. ಢಂ ಅನ್ನೋ ಸದ್ದಿಗೆ ಹೆದರಿಕೆ ಜಾಸ್ತಿ ಆಗುತ್ತೆ, ಕಿಟಕಿ ಗಾಜು ಅದುರುತ್ತೆ. ಗೋಡೆ, ಪಾಯದ ವಿಚಾರಕ್ಕೆ ನೋಡಬೇಕಾದ್ದು ನೆಲದ ಕಂಪನ. ಅದನ್ನು ಅಳೆಯೋಕೆ ಯಂತ್ರ ಇದೆ. ನೆಲದ ಕಣ ಸೆಕೆಂಡಿಗೆ ಎಷ್ಟು ಮಿಲಿಮೀಟರ್ ವೇಗದಲ್ಲಿ ಅಲುಗಿತು ಅಂತ ಬರೆದುಕೊಳ್ಳುತ್ತೆ. ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ ನಿಯಮದಲ್ಲಿ ಗಣಿಯವರದಲ್ಲದ ಸಾಮಾನ್ಯ ಮನೆಗಳಿಗೆ, ಕಂಪನ 8 ಹರ್ಟ್ಜ್‌ಗಿಂತ (ಅಂದರೆ ಸೆಕೆಂಡಿಗೆ 8 ಸಲಕ್ಕಿಂತ) ಕೆಳಗಿದ್ದರೆ, ಮಿತಿ ಸೆಕೆಂಡಿಗೆ 5 ಮಿಲಿಮೀಟರ್. ನಿಧಾನವಾದ ಕಂಪನ ಮನೆಗೆ ಹೆಚ್ಚು ಕೆಟ್ಟದ್ದು, ಅದಕ್ಕೇ ಅಲ್ಲಿ ಮಿತಿ ಬಿಗಿ. ಎಲ್ಲ ಕುಳಿಗಳನ್ನೂ ಒಟ್ಟಿಗೆ ಸಿಡಿಸದೆ, ಕೆಲವು ಮಿಲಿಸೆಕೆಂಡ್ ಬಿಟ್ಟುಬಿಟ್ಟು ಸಿಡಿಸೋದೂ ಈ ಕಾರಣಕ್ಕೇ. ನಿಮ್ಮೂರ ಹತ್ತಿರ ಮತ್ತೆ ಸಿಡಿಸೋದು ಶುರುವಾದರೆ "ಸದ್ದು ಜೋರು" ಅಂತ ಅರ್ಜಿ ಬರೆಯೋ ಬದಲು "ಕಂಪನ ಅಳೆದ ದಾಖಲೆ ಕೊಡಿ" ಅಂತ ಕೇಳಿ. ಆ ಅರ್ಜಿಗೆ ತೂಕ ಇರುತ್ತೆ.

ನಿರ್ವಾಹಕರು

ಕೆಆರ್‌ಎಸ್ ಅಣೆಕಟ್ಟೆ ಮತ್ತು ಗಣಿಗಾರಿಕೆ ಬಗ್ಗೆ ಬೇರೆ ಎಳೆ ನಡೀತಿದೆ. ಇಲ್ಲಿ ಶಬ್ದದ ವಿಷಯ ಮಾತ್ರ ಇರಲಿ.

ಕುವೆಂಪುನಗರ ಅಕ್ಕ

ಇಷ್ಟು ದಿನ ಇಲ್ಲಿ ಓದ್ತಾ ಇದ್ದೆ ಅಷ್ಟೆ, ಇವತ್ತು ಕೇಳಲೇಬೇಕು ಅನ್ನಿಸ್ತು. ಘನದಲ್ಲಿ ಶಬ್ದ ಅಷ್ಟು ಚೆನ್ನಾಗಿ ಹೋಗೋದಾದರೆ ಬಾಗಿಲು ಹಾಕಿದ ತಕ್ಷಣ ಹೊರಗಿನ ಸದ್ದು ಯಾಕೆ ಕಡಿಮೆ ಆಗುತ್ತೆ? ನಮ್ಮದು ಅಪಾರ್ಟ್‌ಮೆಂಟು. ಮೇಲಿನ ಮನೆಯವರು ಮಾತಾಡೋದು ಒಂದು ಅಕ್ಷರ ಕೇಳಲ್ಲ. ಆದರೆ ಬೆಳಗ್ಗೆ ಅವರು ನೆಲದ ಮೇಲೆ ಕುಟ್ಟಾಣಿ ಇಟ್ಟು ಮೆಣಸು ಕುಟ್ಟಿದರೆ ನಮ್ಮ ಅಡುಗೆಮನೆಯಲ್ಲೇ ಕುಟ್ಟಿದ ಹಾಗೆ ಕೇಳುತ್ತೆ. ಅದೇ ಸ್ಲ್ಯಾಬು. ಒಂದು ಸದ್ದನ್ನು ಬಿಡುತ್ತೆ, ಇನ್ನೊಂದನ್ನು ಬಿಡಲ್ಲ, ಇದು ಹೇಗೆ?

ಮೇಲುಕೋಟೆ ವಿಜ್ಞಾನ ಮೇಷ್ಟ್ರು

ಮೇಡಂ, ಈ ಪಾಠದಲ್ಲಿ ಎಲ್ಲರೂ ಎಡವೋ ಜಾಗಕ್ಕೇ ಕೈ ಇಟ್ಟಿದ್ದೀರಿ. ಎಷ್ಟು ಬೇಗ ಹೋಗುತ್ತೆ ಅನ್ನೋದು ಒಂದು ಪ್ರಶ್ನೆ. ಒಳಗೆ ಎಷ್ಟು ಹೊಗುತ್ತೆ ಅನ್ನೋದು ಬೇರೆಯದೇ ಪ್ರಶ್ನೆ.

ಮಾತು ಹುಟ್ಟೋದು ಗಾಳಿಯಲ್ಲಿ. ಗಾಳಿ ಹಗುರ, ಮೆತ್ತಗೆ. ಕಾಂಕ್ರೀಟ್ ಭಾರ, ಗಡಸು. ಗಾಳಿಯ ಕಣ ಬಂದು ಕಾಂಕ್ರೀಟಿಗೆ ಬಡಿದರೆ ಅದನ್ನು ಅಲುಗಿಸೋ ಶಕ್ತಿ ಅದಕ್ಕೆಲ್ಲಿ? ಬಹುಪಾಲು ಶಬ್ದ ವಾಪಸ್ ಪುಟಿದು ಅವರ ಕೋಣೆಯಲ್ಲೇ ಉಳಿಯುತ್ತೆ. ಗಾಳಿಯಿಂದ ನೀರಿಗೆ ಹೋಗುವಾಗಲೇ ಶಬ್ದದ ಶಕ್ತಿಯಲ್ಲಿ ಸಾವಿರಕ್ಕೆ ಒಂದು ಪಾಲು ಮಾತ್ರ ಒಳಗೆ ಹೋಗೋದು. ಕಾಂಕ್ರೀಟಿಗೆ ಇನ್ನೂ ಕಡಿಮೆ.

ಕುಟ್ಟಾಣಿಯ ಕಥೆ ಬೇರೆ. ಅಲ್ಲಿ ಏಟು ನೇರವಾಗಿ ಸ್ಲ್ಯಾಬಿಗೇ ಬೀಳುತ್ತೆ, ಗಾಳಿಯ ಬಾಗಿಲು ದಾಟೋ ಕಷ್ಟ ಇಲ್ಲ. ಒಂದು ಸಲ ಒಳಗೆ ಸೇರಿದ ಮೇಲೆ ಕಾಂಕ್ರೀಟು ಅದನ್ನು ಹೆಚ್ಚು ನುಂಗದೆ ತೊಲೆ, ಕಂಬ, ಗೋಡೆಗೆಲ್ಲ ಹಂಚುತ್ತೆ. ನಿಮ್ಮ ಚಾವಣಿ ಅಷ್ಟಗಲ ಒಟ್ಟಿಗೆ ನಡುಗಿ ನಿಮ್ಮ ಕೋಣೆಯ ಗಾಳಿಯನ್ನು ಅಲುಗಿಸುತ್ತೆ. ಎರಡು ಮಹಡಿ ಕೆಳಗಿನವರಿಗೂ ಕೇಳುತ್ತೆ.

ಇದಕ್ಕೆ ಗೋಡೆ ದಪ್ಪ ಮಾಡಿಸಿ ಪ್ರಯೋಜನ ಇಲ್ಲ. ಮೇಲಿನ ಮನೆಯವರನ್ನು ಕಂಡು, ಕುಟ್ಟಾಣಿಯ ಅಡಿಗೆ ದಪ್ಪ ರಬ್ಬರ್ ಮ್ಯಾಟೋ ನಾಲ್ಕು ಮಡಿಕೆ ಮಾಡಿದ ಗೋಣಿಚೀಲವೋ ಹಾಕಿ ಅಂತ ಪ್ರೀತಿಯಿಂದ ಕೇಳಿಕೊಳ್ಳಿ. ಏಟು ಸ್ಲ್ಯಾಬಿಗೆ ಇಳಿಯೋ ಮೊದಲೇ ಹಿಡೀಬೇಕು.

ಗಂಗೋತ್ರಿ ಶ್ರವಣ

ನಾನು ಮಾನಸಗಂಗೋತ್ರಿಯಲ್ಲಿ ಶ್ರವಣ ವಿಜ್ಞಾನ ಓದ್ತಿದ್ದೀನಿ. ಮೇಷ್ಟ್ರು ಹೇಳಿದ "ಗಾಳಿಯ ಬಾಗಿಲು" ನಮ್ಮೆಲ್ಲರ ಕಿವಿಯೊಳಗೇ ಇದೆ. ಅದರ ಬಗ್ಗೆ ಸ್ವಲ್ಪ ಬರೀತೀನಿ.

ಒಳಗಿವಿಯಲ್ಲಿ ದ್ರವ ತುಂಬಿದೆ. ಹೊರಗಿನಿಂದ ಬರೋದು ಗಾಳಿಯ ಅಲೆ. ನೇರವಾಗಿ ದ್ರವಕ್ಕೆ ಬಡಿದಿದ್ದರೆ ಬಹುತೇಕ ಎಲ್ಲ ವಾಪಸ್ ಹೋಗಿ, ನಾವು ಹುಟ್ಟಾ ಮಂದಗಿವಿಯವರಾಗಿರ್ತಿದ್ದೆವು. ಅದಕ್ಕೇ ನಡುವೆ ಸುತ್ತಿಗೆ, ಅಡಿಗಲ್ಲು, ರಿಕಾಪು ಅಂತ ಮೂರು ಪುಟ್ಟ ಮೂಳೆಗಳಿವೆ. ಕಿವಿದೆರೆಯ ಮೇಲೆ ಬಿದ್ದ ಒತ್ತಡವನ್ನು ಅವು ಅದಕ್ಕಿಂತ ಸುಮಾರು 17 ಪಟ್ಟು ಚಿಕ್ಕದಾದ ಕಿಂಡಿಯ ಮೇಲೆ ತಂದು ಒತ್ತುತ್ತವೆ. ಮೂಳೆಗಳ ಸನ್ನೆಯ ಬಲವೂ ಸ್ವಲ್ಪ ಸೇರಿ ಒತ್ತಡ ಒಟ್ಟು ಇಪ್ಪತ್ತು ಪಟ್ಟಿನ ಮೇಲೆ ಹೆಚ್ಚುತ್ತೆ. ಮಧ್ಯಕಿವಿಯಲ್ಲಿ ಸೋಂಕಾಗಿ ನೀರು ತುಂಬಿಕೊಂಡ ಮಕ್ಕಳಿಗೆ ಕಿವಿ ಮಂದವಾಗೋದು ಈ ವ್ಯವಸ್ಥೆ ಕೆಟ್ಟಾಗ.

ಇದನ್ನು ಪತ್ತೆ ಹಚ್ಚೋಕೆ ನಾವು ಬಳಸೋದೂ ಘನ ಮತ್ತು ಗಾಳಿಯ ವ್ಯತ್ಯಾಸವನ್ನೇ. 512 ಹರ್ಟ್ಜ್‌ನ ಶ್ರುತಿಕವೆಯನ್ನು (ಟ್ಯೂನಿಂಗ್ ಫೋರ್ಕ್) ತಟ್ಟಿ, ಅದರ ಬುಡವನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ ಹಿಡೀತೀವಿ. ಸದ್ದು ತಲೆಬುರುಡೆಯ ಮೂಲಕ ನೇರವಾಗಿ ಒಳಗಿವಿಗೆ ಹೋಗುತ್ತೆ. ಕೇಳಿಸೋದು ನಿಂತಾಗ ಕವೆಯನ್ನು ಕಿವಿಯ ಮುಂದೆ ತರ್ತೀವಿ. ಕಿವಿ ಸರಿಯಿದ್ದವರಿಗೆ ಗಾಳಿಯಲ್ಲಿ ಇನ್ನೂ ಸ್ವಲ್ಪ ಹೊತ್ತು ಕೇಳುತ್ತೆ. ಮೂಳೆಯಲ್ಲೇ ಹೆಚ್ಚು ಹೊತ್ತು ಕೇಳಿ ಗಾಳಿಯಲ್ಲಿ ಕೇಳದಿದ್ದರೆ ತೊಂದರೆ ಸಾಮಾನ್ಯವಾಗಿ ಹೊರಗಿವಿಯಲ್ಲೋ ಮಧ್ಯಕಿವಿಯಲ್ಲೋ ಇರುತ್ತೆ. ಎರಡು ನಿಮಿಷದ ಪರೀಕ್ಷೆ, ಕೈಯಲ್ಲೊಂದು ಕವೆ ಇದ್ದರೆ ಸಾಕು.

ನಮ್ಮದೇ ಧ್ವನಿಯನ್ನು ರೆಕಾರ್ಡ್ ಮಾಡಿ ಕೇಳಿದಾಗ ಬೇರೆಯವರದ್ದು ಅನ್ನಿಸೋದೂ ಇದರಿಂದಲೇ. ಮಾತಾಡುವಾಗ ನಮ್ಮ ಧ್ವನಿ ನಮಗೆ ಮೂಳೆಯ ಮೂಲಕವೂ ಕೇಳುತ್ತೆ, ಕೆಳಗಿನ ಸ್ವರಗಳು ತುಂಬಿಕೊಂಡಿರುತ್ತವೆ. ಫೋನಿಗೆ ಹೋಗೋದು ಗಾಳಿಯಲ್ಲಿ ಬಂದದ್ದು ಮಾತ್ರ.

ಮೈಸೂರಿನವರಿಗೆ ಒಂದು ಮಾತು: ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ನಮ್ಮ ಊರಲ್ಲೇ ಇದೆ. ಮಗು ಕರೆದರೆ ತಿರುಗಿ ನೋಡ್ತಿಲ್ಲ ಅನ್ನಿಸಿದರೆ "ದೊಡ್ಡೋನಾದ ಮೇಲೆ ಸರಿಹೋಗುತ್ತೆ" ಅಂತ ಕಾಯಬೇಡಿ. ಹಸುಗೂಸಿಗೂ ಪರೀಕ್ಷೆ ಮಾಡಬಹುದು. ತಡ ಮಾಡಿದಷ್ಟೂ ಮಾತು ಕಲಿಯೋದು ಹಿಂದೆ ಬೀಳುತ್ತೆ.

ಅಗ್ರಹಾರದ ವೀಣೆ

ಮೂಳೆಯ ಮಾತು ಬಂದದ್ದಕ್ಕೆ ಬರೀತಿದ್ದೀನಿ. ವೀಣೆಯ ತಂತಿ ಎಷ್ಟು ತೆಳು, ಅದೊಂದೇ ಎಷ್ಟು ಗಾಳಿಯನ್ನು ಅಲುಗಿಸೀತು? ತಂತಿಯ ನಡುಕ ಅದು ಕೂರೋ ಮಣೆಗೆ, ಅಂದರೆ ಕುದುರೆಗೆ ಇಳಿದು, ಕುದುರೆಯಿಂದ ಕೊಡದ ಮುಚ್ಚಳದ ಹಲಗೆಗೆ ಹರಡಿ, ಆ ಅಗಲವಾದ ಮರ ಗಾಳಿಯನ್ನು ಅಲುಗಿಸಿದಾಗಲೇ ನಾದ. ಕುವೆಂಪುನಗರ ಅಕ್ಕನ ಮನೆಯ ಚಾವಣಿ ಮಾಡೋ ಕೆಲಸವನ್ನೇ ಇಲ್ಲಿ ಹಲಸಿನ ಮರ ಮಾಡುತ್ತೆ. ಮರದ ಎಳೆಯ ಉದ್ದಕ್ಕೆ ಶಬ್ದ ಅಡ್ಡಕ್ಕಿಂತ ಎಷ್ಟೋ ವೇಗವಾಗಿ ಹೋಗುತ್ತೆ, ಆ ದಿಕ್ಕಿನಲ್ಲಿ ಮರ ಹೆಚ್ಚು ಬಿಗಿ. ಕುಶಲಕರ್ಮಿಗಳು ಮರ ಆರಿಸುವಾಗ ಗಂಟಿಲ್ಲದ ನೇರ ಎಳೆ ಹುಡುಕಿ, ಬೆರಳ ಗೆಣ್ಣಿನಿಂದ ತಟ್ಟಿ ಕೇಳೋದು ಸುಮ್ಮನೆ ಅಲ್ಲ. ರಾತ್ರಿ ಎಲ್ಲ ಮಲಗಿದಾಗ ತೀರಾ ಮೆಲ್ಲಗೆ ಮೀಟಿ, ಗಲ್ಲವನ್ನು ದಂಡಿಗೆ ತಾಗಿಸಿ ಕೇಳಿ ನೋಡಿ. ಪಕ್ಕದಲ್ಲಿ ಕೂತವರಿಗೆ ಕೇಳದ ಅನುರಣನವೆಲ್ಲ ತಲೆಯೊಳಗೆ ತುಂಬುತ್ತೆ.

ಅಶೋಕಪುರಂ ರೈಲ್ವೆ

ರೈಲ್ವೆಯಿಂದ ನಿವೃತ್ತನಾದವನು. ತಟ್ಟಿ ಕೇಳೋದು ಅಂದರೆ ನಮ್ಮ ಕಸುಬೇ. ಉದ್ದ ಹಿಡಿಯ ಸುತ್ತಿಗೆ ಹಿಡಿದು ಬೋಗಿಯ ಚಕ್ರಗಳನ್ನು ಒಂದೊಂದಾಗಿ ತಟ್ಟಿಕೊಂಡು ಹೋಗ್ತಿದ್ದ ಕಾಲ ಇತ್ತು. ಸರಿಯಾದ ಚಕ್ರ ಟಣ್ ಅಂತ ಉಲಿದು ಸ್ವಲ್ಪ ಹೊತ್ತು ಎಳೆಯುತ್ತೆ. ಸೀಳು ಬಿಟ್ಟಿದ್ದರೆ ದಬ್ ಅಂತ ಅಲ್ಲೇ ಸಾಯುತ್ತೆ, ಸೀಳಿನ ಜಾಗದಲ್ಲಿ ಅಲೆ ಚದುರಿ ನಡುಕ ಬೇಗ ಆರಿಹೋಗುತ್ತೆ. ಈಗ ಅದೇ ಕೆಲಸವನ್ನು ಅಲ್ಟ್ರಾಸೌಂಡ್ ಯಂತ್ರ ಮಾಡುತ್ತೆ. ಹಳಿಯೊಳಗೆ ಕಿವಿಗೆ ಕೇಳದಷ್ಟು ಎತ್ತರದ ಶಬ್ದ ಕಳಿಸಿ, ಸೀಳಿನಿಂದ ವಾಪಸ್ ಬರೋ ಪ್ರತಿಧ್ವನಿ ನೋಡ್ತಾರೆ. ಯಂತ್ರಕ್ಕೂ ಹಳಿಗೂ ನಡುವೆ ನೀರು ಹರಿಸಲೇಬೇಕು. ಕೂದಲೆಳೆಯಷ್ಟು ಗಾಳಿ ಉಳಿದರೂ ಶಬ್ದ ಹಳಿಯೊಳಗೆ ಇಳಿಯಲ್ಲ. ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಮಾಡುವಾಗ ಹೊಟ್ಟೆಗೆ ತಣ್ಣನೆ ಜೆಲ್ ಹಚ್ಚೋದೂ ಇದೇ ಕಾರಣಕ್ಕೆ.

ಮಕ್ಕಳು ಓದ್ತಾರೆ ಅಂತ ಕೈಮುಗಿದು ಹೇಳ್ತೀನಿ. ಹಳಿಗೆ ಕಿವಿ ಇಟ್ಟರೆ ದೂರದ ರೈಲು ಕೇಳುತ್ತೆ ಅನ್ನೋದನ್ನ ಯಾರೂ ಪರೀಕ್ಷೆ ಮಾಡಬೇಡಿ. ಮೈಸೂರು ಬೆಂಗಳೂರು ಲೈನು ಈಗ ಜೋಡಿ ಹಳಿ, ವಿದ್ಯುತ್ ಎಂಜಿನ್, ಸದ್ದಿಲ್ಲದೆ ಬಂದುಬಿಡುತ್ತೆ. ಪಕ್ಕದ ಹಳಿಯ ಸದ್ದಿನಲ್ಲಿ ಇದರ ಸದ್ದು ಮುಚ್ಚಿಹೋಗುತ್ತೆ. ಹಳಿ ಮೇಲೆ ಹೋಗೋದು ಕಾನೂನಿನ ಪ್ರಕಾರವೂ ಅಪರಾಧ. ಶಾಲೆಯ ಕಾಂಪೌಂಡಿನ ಉದ್ದನೆ ಕಬ್ಬಿಣದ ರೇಲಿಂಗ್ ಸಾಕು. ಒಬ್ಬರು ಒಂದು ತುದಿಯಲ್ಲಿ ನಾಣ್ಯದಿಂದ ಮೆಲ್ಲಗೆ ಗೀರಲಿ, ಇನ್ನೊಬ್ಬರು ಆಚೆ ತುದಿಗೆ ಕಿವಿ ತಾಗಿಸಲಿ. ಗಾಳಿಯಲ್ಲಿ ಏನೂ ಕೇಳದಿದ್ದರೂ ಕಬ್ಬಿಣದಲ್ಲಿ ಗೀರು ಗೀರೂ ಕೇಳುತ್ತೆ.

ಮೇಲುಕೋಟೆ ವಿಜ್ಞಾನ ಮೇಷ್ಟ್ರು

ರೈಲ್ವೆ ಯಜಮಾನರು ಹೇಳಿದ್ದು ಇತಿಹಾಸದಲ್ಲೇ ನಡೆದಿದೆ. 1808ರಲ್ಲಿ ಪ್ಯಾರಿಸ್‌ನಲ್ಲಿ ಹೊಸದಾಗಿ ಹಾಕಿದ್ದ ನೀರಿನ ಕಬ್ಬಿಣದ ಪೈಪಿನ ಸಾಲು ಸಿಕ್ಕಿತು ಅಂತ ಜಾನ್ ಬ್ಯಾಪ್ಟಿಸ್ಟ್ ಬಿಯೊ ಅನ್ನೋ ವಿಜ್ಞಾನಿ ಅಲ್ಲಿ ಪ್ರಯೋಗ ಮಾಡಿದ. ಉದ್ದ 951 ಮೀಟರ್. ಒಂದು ತುದಿಗೆ ಸುತ್ತಿಗೆ ಏಟು ಹಾಕಿಸಿ ಇನ್ನೊಂದು ತುದಿಯಲ್ಲಿ ಆಲಿಸಿದರೆ ಎರಡು ಸದ್ದು ಕೇಳಿತು: ಕಬ್ಬಿಣದಲ್ಲಿ ಬಂದದ್ದು ಮೊದಲು, ಸುಮಾರು ಎರಡೂವರೆ ಸೆಕೆಂಡ್ ಬಿಟ್ಟು ಗಾಳಿಯಲ್ಲಿ ಬಂದದ್ದು. ಚಿನಕುರಳಿ ಮನೆಯಲ್ಲಿ ಆದದ್ದೂ ಅದೇ ತಾನೇ!

ನೀರಿನ ಕಥೆ ಇನ್ನೂ ಚೆನ್ನ. 1826ರಲ್ಲಿ ಜಿನೀವಾ ಸರೋವರದಲ್ಲಿ ಕೊಲಾಡೋನ್ ಮತ್ತು ಸ್ಟರ್ಮ್ ಅನ್ನೋ ಇಬ್ಬರು ವಿಜ್ಞಾನಿಗಳು ರಾತ್ರಿ ಹೊತ್ತು ಎರಡು ದೋಣಿ ನಿಲ್ಲಿಸಿದರು. ಒಂದರ ಕೆಳಗೆ ನೀರಿನಲ್ಲಿ ಗಂಟೆ ಇಳಿಬಿಟ್ಟಿತ್ತು. ಗಂಟೆಗೆ ಹೊಡೆದ ಕ್ಷಣಕ್ಕೇ ದೋಣಿಯ ಮೇಲೆ ಮದ್ದು ಹೊತ್ತಿಕೊಳ್ಳೋ ಹಾಗೆ ಸನ್ನೆಕೋಲು ಜೋಡಿಸಿದ್ದರು. ಹದಿಮೂರು ಕಿಲೋಮೀಟರಿಗೂ ಹೆಚ್ಚು ದೂರದ ಇನ್ನೊಂದು ದೋಣಿಯಲ್ಲಿ, ನೀರಿಗೆ ಇಳಿಸಿದ ಕೊಳವೆಗೆ ಕಿವಿ ಕೊಟ್ಟು, ಬೆಳಕು ಕಂಡಾಗಿನಿಂದ ಸದ್ದು ಕೇಳೋವರೆಗೆ ಹೊತ್ತು ಅಳೆದರು. ಬಂದ ಉತ್ತರ ಸೆಕೆಂಡಿಗೆ 1,435 ಮೀಟರ್. ನೀರು ಆಗ 8 ಡಿಗ್ರಿ ಇತ್ತು. ಇವತ್ತಿನ ಯಂತ್ರಗಳು ಕೊಡೋ ಉತ್ತರಕ್ಕೂ ಇದಕ್ಕೂ ಕೂದಲೆಳೆಯ ಅಂತರ.

ಮದ್ದೂರು ಹೈದ

ನೀರಿನ ವಿಚಾರ ಬಂತಲ್ಲ, ನಾವು ಚಿಕ್ಕೋರಿದ್ದಾಗ ಬಾವೀಲಿ ಮುಳುಗಿ ಆಟ ಆಡ್ತಿದ್ವು. ಒಬ್ಬ ನೀರೊಳಗೆ ಎರಡು ಕಲ್ಲು ಕುಟ್ಟೋನು. ಸದ್ದು ಭಾಳಾ ಚುರುಕಾಗಿ ಕೇಳೋದು, ಆದ್ರೆ ಯಾವ ಕಡೆಯಿಂದ ಬಂತು ಅಂತ ಸುತಾರಾಂ ಗೊತ್ತಾಗ್ತಿರ್ಲಿಲ್ಲ. ಯಾಕೆ?

ಗಂಗೋತ್ರಿ ಶ್ರವಣ

ಅಣ್ಣ, ದಿಕ್ಕು ಗೊತ್ತಾಗೋಕೆ ಮಿದುಳು ನೋಡೋದು ಎರಡು ಕಿವಿಗೆ ಸದ್ದು ಮುಟ್ಟಿದ ಹೊತ್ತಿನ ವ್ಯತ್ಯಾಸವನ್ನು. ಗಾಳಿಯಲ್ಲಿ ಅದು ಹೆಚ್ಚೆಂದರೆ ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ, 0.6 ಅಥವಾ 0.7 ಮಿಲಿಸೆಕೆಂಡ್. ನೀರಿನಲ್ಲಿ ವೇಗ ನಾಲ್ಕು ಪಟ್ಟಿಗೂ ಹೆಚ್ಚು, ಹಾಗಾಗಿ ಆ ವ್ಯತ್ಯಾಸ ನಾಲ್ಕನೇ ಒಂದು ಭಾಗಕ್ಕೂ ಕಡಿಮೆಯಾಗುತ್ತೆ. ಜೊತೆಗೆ ನೀರಿನಿಂದ ತಲೆಬುರುಡೆಗೆ ಸದ್ದು ಸಲೀಸಾಗಿ ಇಳಿದು ಎರಡೂ ಕಿವಿಗೆ ಹೆಚ್ಚುಕಮ್ಮಿ ಒಟ್ಟಿಗೇ ಹೋಗುತ್ತೆ. ಮಿದುಳಿಗೆ ಸುಳಿವೇ ಸಿಗಲ್ಲ.

ಮದ್ದೂರು ಹೈದ

ಅರ್ಥ ಆಯ್ತು ಕಣಕ್ಕ. ಇನ್ನೊಂದು: ಚಳಿಗಾಲದ ಬೆಳಗಿನ ಜಾವ ಗದ್ದೇಲಿ ನೀರು ಕಟ್ಟೋಕೆ ನಿಂತಿದ್ರೆ ದೂರದ ಕಾರ್ಖಾನೆ ಸೈರನ್ನು, ಹೈವೇ ಲಾರಿ ಸದ್ದು ಪಕ್ಕದಲ್ಲೇ ಇದ್ದಂಗೆ ಕೇಳ್ತದೆ. ಮಧ್ಯಾಹ್ನ ಏನೂ ಇಲ್ಲ. ಊರು ಮಲಗಿರ್ತದೆ, ಅದಕ್ಕೆ ಅಂತಾರೆ. ಅಷ್ಟೇನಾ?

ಮೇಲುಕೋಟೆ ವಿಜ್ಞಾನ ಮೇಷ್ಟ್ರು

ಊರು ಮಲಗಿರೋದೂ ಹೌದು. ಆದರೆ ಅದಕ್ಕಿಂತ ದೊಡ್ಡ ಕಾರಣ ಗಾಳಿಯ ಶಾಖ. ಗಾಳಿಯಲ್ಲಿ ಶಬ್ದದ ವೇಗ 0 ಡಿಗ್ರಿಯಲ್ಲಿ ಸೆಕೆಂಡಿಗೆ 331 ಮೀಟರ್. ಶಾಖ ಒಂದೊಂದು ಡಿಗ್ರಿ ಏರಿದಂತೆ ಸುಮಾರು 0.6 ಮೀಟರ್ ಹೆಚ್ಚುತ್ತೆ. ಮಾಗಿಯ ಬೆಳಗ್ಗೆ 16 ಡಿಗ್ರಿ ಇದ್ದಾಗ 341, ಬೇಸಗೆಯ ಮಧ್ಯಾಹ್ನ 34 ಇದ್ದಾಗ 351.

ರಾತ್ರಿಯೆಲ್ಲ ನೆಲ ತಣ್ಣಗಾಗಿ, ಬೆಳಗಿನ ಜಾವ ನೆಲದ ಹತ್ತಿರದ ಗಾಳಿ ತಂಪು, ಅದರ ಮೇಲಿನ ಪದರ ಬೆಚ್ಚಗೆ. ಮೇಲಕ್ಕೆ ಹೋದ ಶಬ್ದ ಅಲ್ಲಿ ಬೇಗ ಓಡುತ್ತೆ, ಕೆಳಗಿನದು ಹಿಂದುಳಿಯುತ್ತೆ, ಅಲೆ ಬಾಗಿ ವಾಪಸ್ ನೆಲಕ್ಕೆ ಇಳಿಯುತ್ತೆ. ಆಕಾಶಕ್ಕೆ ಹೋಗಬೇಕಾದ ಸದ್ದೂ ನಿಮ್ಮ ಗದ್ದೆಗೇ ಬರುತ್ತೆ. ಮಧ್ಯಾಹ್ನ ನೆಲ ಕಾದಿರುತ್ತೆ, ಎಲ್ಲ ತಿರುವುಮುರುವು, ಅಲೆ ಮೇಲಕ್ಕೆ ಬಾಗಿ ತಲೆಯ ಮೇಲೆ ಹಾದುಹೋಗುತ್ತೆ. ಬೆಳಗಿನ ಮಂಜು ನೆಲಕ್ಕೆ ಅಂಟಿಕೊಂಡು ನಿಂತ ದಿನ ಗಮನಿಸಿ, ಸದ್ದು ಇನ್ನೂ ದೂರದಿಂದ ಬರುತ್ತೆ, ಎರಡಕ್ಕೂ ಮೂಲ ಒಂದೇ.

ಚಾಮುಂಡಿ ಬೆಟ್ಟದ ಮೇಲೆ ಗಾಳಿ ತೆಳು, ಅಲ್ಲಿ ವೇಗ ಬೇರೆಯಾ ಅಂತ ಮಕ್ಕಳು ಕೇಳ್ತಿರ್ತಾರೆ. ಒತ್ತಡ ಕಡಿಮೆಯಾದರೆ ಬಿಗಿಯೂ ಸಾಂದ್ರತೆಯೂ ಒಟ್ಟಿಗೇ ಕಡಿಮೆಯಾಗುತ್ತೆ, ಭಾಗಿಸಿದರೆ ಉತ್ತರ ಬದಲಾಗಲ್ಲ. ಮೇಲೆ ಒಂದೆರಡು ಡಿಗ್ರಿ ತಂಪು ಇದ್ದರೆ ಅದರ ಲೆಕ್ಕ ಮಾತ್ರ. ನ್ಯೂಟನ್ ಕೂಡ 1687ರಲ್ಲಿ ಗಾಳಿಯಲ್ಲಿ ಶಬ್ದದ ವೇಗದ ಲೆಕ್ಕ ಹಾಕಿದ, ಉತ್ತರ ಶೇಕಡ 15ರಷ್ಟು ಕಡಿಮೆ ಬಂತು. ಗಾಳಿ ಕುಗ್ಗಿದಾಗ ಬಿಸಿಯಾಗಿ ಇನ್ನಷ್ಟು ಬಿಗಿಯಾಗುತ್ತೆ, ಆ ಶಾಖ ಹೊರಗೆ ಹೋಗೋಕೆ ಅಲೆ ಸಮಯವನ್ನೇ ಕೊಡಲ್ಲ ಅಂತ 1816ರಲ್ಲಿ ಲಾಪ್ಲಾಸ್ ತೋರಿಸಿದ ಮೇಲೆ ಲೆಕ್ಕ ಸರಿಹೋಯಿತು.

ಗಣಿ ಮೇಟ್

ಮೇಷ್ಟ್ರೇ, ಒಂದು ಸೇರಿಸಲಾ? ಗಾಳಿ, ನೀರಿನಲ್ಲಿ ಅಲೆ ಹಿಂದುಮುಂದು ಒತ್ತುತ್ತಾ ಹೋಗೋದು ಮಾತ್ರ. ಬಂಡೆಯಲ್ಲಿ ಅಡ್ಡಡ್ಡಲಾಗಿ ಜಗ್ಗುತ್ತಾ ಹೋಗೋ ಅಲೆಯೂ ಇದೆ. ಅದು ಒತ್ತುವ ಅಲೆಗಿಂತ ನಿಧಾನ, ಹಿಂದೆ ಬರುತ್ತೆ. ದ್ರವವನ್ನು ಅಡ್ಡಕ್ಕೆ ಜಗ್ಗಿದರೆ ಅದು ವಾಪಸ್ ಎಳೆಯೋದಿಲ್ಲ, ಸುಮ್ಮನೆ ಜಾರುತ್ತೆ, ಅದಕ್ಕೇ ಅಲ್ಲಿ ಆ ಅಲೆ ಇಲ್ಲ. ಭಾರತದ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿದ್ದ ರಿಚರ್ಡ್ ಓಲ್ಡ್‌ಹ್ಯಾಮ್ 1897ರ ಅಸ್ಸಾಂ ಭೂಕಂಪದ ದಾಖಲೆ ಕೂತು ಓದಿ ಈ ಅಲೆಗಳನ್ನು ಬೇರೆ ಬೇರೆ ಗುರುತಿಸಿದರು. 1906ರಲ್ಲಿ ಅದೇ ಅಲೆಗಳಿಂದ ಭೂಮಿಗೆ ಒಳಗೊಂದು ತಿರುಳಿದೆ ಅಂತ ತೋರಿಸಿದರು. ಅಡ್ಡ ಅಲೆ ಆ ತಿರುಳಿನ ಹೊರಪದರವನ್ನು ದಾಟಲ್ಲ ಅನ್ನೋದರಿಂದಲೇ ಅದು ದ್ರವ ಅಂತ ಆಮೇಲೆ ಗೊತ್ತಾಯಿತು. ಯಾರೂ ಕೊರೆದು ನೋಡಿಲ್ಲ.

ಕುವೆಂಪುನಗರ ಅಕ್ಕ

ಈ ಎಳೆ ನಮ್ಮ ಮನೆಯಲ್ಲಿ ಎಲ್ಲರೂ ಓದಿದ್ವಿ. ದಸರಾ ಮೊದಲು ಆನೆ, ಕುದುರೆಗಳಿಗೆ ಸಿಡಿಮದ್ದಿನ ತಾಲೀಮು ಕೊಡ್ತಾರಲ್ಲ, ಆನೆ ಪಾದದಲ್ಲೂ ಸದ್ದು ಕೇಳುತ್ತೆ ಅಂತ ನನ್ನ ಮಗ ಹೇಳ್ತಾನೆ. ನಿಜವಾ?

ಗಂಗೋತ್ರಿ ಶ್ರವಣ

ಹೌದು ಅಕ್ಕಾ, ನೆಲದ ಕಂಪನ ಆನೆಗಳಿಗೆ ತಿಳಿಯುತ್ತೆ. ಆನೆಗಳು ಗುಡುಗುಟ್ಟೋ ಸದ್ದಿನಲ್ಲಿ 20 ಹರ್ಟ್ಜ್‌ಗಿಂತ ಕೆಳಗಿನ ಸ್ವರ ಇರುತ್ತೆ. ಅದು ನಮಗೆ ಕೇಳಲ್ಲ. ಅದು ಗಾಳಿಯಲ್ಲೂ ಹೋಗುತ್ತೆ, ನೆಲದಲ್ಲೂ ಹೋಗುತ್ತೆ. ಆಫ್ರಿಕಾದ ಆನೆಗಳ ಮೇಲೆ ನಡೆದ ಅಧ್ಯಯನಗಳಲ್ಲಿ, ನೆಲದಲ್ಲಿ ಮಾತ್ರ ಕಳಿಸಿದ ಎಚ್ಚರಿಕೆಯ ಕೂಗಿಗೂ ಅವು ಗುಂಪುಗೂಡಿ ಸ್ಪಂದಿಸಿದ್ದು ಕಂಡಿದೆ. ಪಾದದ ಚರ್ಮ, ಕಾಲಿನ ಮೂಳೆಯ ಮೂಲಕ ಒಳಗಿವಿಗೆ ಹೋಗೋ ದಾರಿ ಒಂದು ಅಂತ ತಿಳೀತಾರೆ. ನಮ್ಮ ಶ್ರುತಿಕವೆ ಪರೀಕ್ಷೆಯ ದಾರಿಯೇ ಅದು. ಹಾಗಾಗಿ ಅರಮನೆ ಮುಂದೆ 21 ಕುಶಾಲತೋಪು ಹಾರಿಸಿದಾಗ ಆ ಪ್ರಾಣಿಗಳಿಗೆ ನಮಗಿಂತ ಹೆಚ್ಚು ದಾರಿಯಿಂದ ಅದು ಮುಟ್ಟುತ್ತೆ ಅನ್ನೋದನ್ನ ನೆನಪಿಡಬೇಕು. ಬೀದಿಯಲ್ಲಿ ಆನೆ ಹಾದುಹೋಗುವಾಗ ಪಟಾಕಿ ಹಚ್ಚೋರನ್ನ ಕಂಡರೆ ದಯವಿಟ್ಟು ತಡೀರಿ.

ಚಿನಕುರಳಿ ರೈತ

ಎಲ್ಲರಿಗೂ ದೊಡ್ಡ ನಮಸ್ಕಾರ. ಮಗಳು ನೀರಿನ ಲೆಕ್ಕ, ಹೈಡ್ರೋಜನ್ ಲೆಕ್ಕ ಎರಡೂ ಮಾಡಿದಳು. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ತಾನೇ ಶಬ್ದದ ವೇಗ ಅಳೀಬೇಕು ಅಂತಾಳೆ. ಪಟಾಕಿ, ಮದ್ದು ಯಾವುದೂ ಇಲ್ಲದೆ ಆಗುತ್ತಾ ಮೇಷ್ಟ್ರೇ?

ಮೇಲುಕೋಟೆ ವಿಜ್ಞಾನ ಮೇಷ್ಟ್ರು

ಆಗುತ್ತೆ. ಎರಡು ಮೊಬೈಲು, ಒಂದು ಅಳತೆ ಟೇಪು ಸಾಕು. ಎರಡಕ್ಕೂ ಫೈಫಾಕ್ಸ್ ಅನ್ನೋ ಉಚಿತ ಆ್ಯಪ್ ಹಾಕಿ, ಅದರಲ್ಲಿ ಅಕೌಸ್ಟಿಕ್ ಸ್ಟಾಪ್‌ವಾಚ್ ತೆರೆಯಿರಿ. ಒಂದು ಸದ್ದಿಗೆ ಓಡೋಕೆ ಶುರುವಾಗಿ ಇನ್ನೊಂದು ಸದ್ದಿಗೆ ನಿಲ್ಲೋ ಗಡಿಯಾರ ಅದು. ಶಾಲೆಯ ಮೈದಾನದಲ್ಲಿ ಎರಡು ಮೊಬೈಲನ್ನು ಸರಿಯಾಗಿ 10 ಮೀಟರ್ ದೂರದಲ್ಲಿ ಇಡಿ. ಮೊದಲನೇ ಮೊಬೈಲಿನ ಪಕ್ಕ ನಿಂತವಳು ಜೋರಾಗಿ ಚಪ್ಪಾಳೆ ತಟ್ಟಲಿ, ಎರಡೂ ಗಡಿಯಾರ ಶುರುವಾಗುತ್ತೆ, ದೂರದ್ದು ಸ್ವಲ್ಪ ತಡವಾಗಿ. ಆಮೇಲೆ ಎರಡನೇ ಮೊಬೈಲಿನ ಪಕ್ಕ ನಿಂತವಳು ತಟ್ಟಲಿ, ಎರಡೂ ನಿಲ್ಲುತ್ತೆ, ಈ ಸಲ ಮೊದಲನೆಯದು ತಡವಾಗಿ. ಎರಡು ಗಡಿಯಾರದ ಓದು ಕಳೆದರೆ ಬರೋದು ಶಬ್ದ 20 ಮೀಟರ್ ಹೋಗೋಕೆ ತಗೊಂಡ ಹೊತ್ತು, ಸುಮಾರು 0.058 ಸೆಕೆಂಡ್. 20ನ್ನು ಅದರಿಂದ ಭಾಗಿಸಿ. ಸದ್ದು ಕಡಿಮೆ ಇದ್ದರೆ ಗಡಿಯಾರ ಎಚ್ಚರಗೊಳ್ಳೋ ಮಟ್ಟವನ್ನು ಆ್ಯಪ್‌ನಲ್ಲೇ ಹೊಂದಿಸಬಹುದು. ಗೋಡೆಯ ಹತ್ತಿರ ಮಾಡಬೇಡಿ, ಪ್ರತಿಧ್ವನಿ ಸೇರುತ್ತೆ.

ಚಿನಕುರಳಿ ರೈತ

"ಗಾಳಿ ಬೀಸ್ತಿದ್ದರೆ ಲೆಕ್ಕ ಕೆಡಲ್ವಾ?" ಅಂತ ಪಕ್ಕದಲ್ಲಿ ಕೂತು ಕೇಳ್ತಿದ್ದಾಳೆ.

ಮೇಲುಕೋಟೆ ವಿಜ್ಞಾನ ಮೇಷ್ಟ್ರು

ಮೆಲ್ಲಗೆ ಬೀಸೋ ಗಾಳಿಯಿಂದ ಕೆಡಲ್ಲ ಮಗಾ. ಮೊದಲನೇ ಚಪ್ಪಾಳೆ ಗಾಳಿಯ ಜೊತೆ ಹೋದರೆ ಎರಡನೆಯದು ಗಾಳಿಗೆ ಎದುರಾಗಿ ಬರುತ್ತೆ. ಅಲ್ಲಿ ಉಳಿದ ಹೊತ್ತು ಇಲ್ಲಿ ಖರ್ಚಾಗುತ್ತೆ. ಥರ್ಮಾಮೀಟರನ್ನು ಮೊಬೈಲಿನಷ್ಟೇ ಎತ್ತರದಲ್ಲಿ, ನೆರಳಿನಲ್ಲಿ ಇಟ್ಟು ಓದಿಕೋ. ಬೆಳಗ್ಗೆ ಎಂಟಕ್ಕೊಮ್ಮೆ, ಮಧ್ಯಾಹ್ನ ಎರಡಕ್ಕೊಮ್ಮೆ ಮಾಡು. ಪ್ರತಿ ಹೊತ್ತಿಗೂ ಹಲವು ಸಲ ಅಳೆದು ಸರಾಸರಿ ತೆಗೆ. ಬಂದ ಅಂಕಿ ಇಲ್ಲೇ ಹಾಕು, ಡಿಗ್ರಿಗೆ 0.6 ಮೀಟರ್ ಲೆಕ್ಕ ನಿನ್ನ ಮೈದಾನದಲ್ಲಿ ಕಾಣಿಸುತ್ತಾ ಅಂತ ಒಟ್ಟಿಗೆ ನೋಡೋಣ.